ಕಾವ್ಯಪಿಶಾಚ ಪುಷ್ಪದಂತ: ಮಾನ್ಯಖೇಟದ ಅಪಭ್ರಂಶ ಕವಿಯ ಜೀವಿತ

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಈ ನಗರದ ಪ್ರಸ್ತಾಪ ಬಂದೊಡನೆ ಶ್ರೀವಿಜಯ, ಪೊನ್ನರ ಹೆಸರುಗಳು ಕೇಳಿಬರುತ್ತವೆ. ಮೂರನೆಯ ಕೃಷ್ಣನ ಕಾಲದಲ್ಲಿ, ಎಂದರೆ ಪೊನ್ನನ ಕಾಲದಲ್ಲಿಯೇ, ಕಾಗಿಣಾ ದಂಡೆಯ ಈ ನಗರವನ್ನು ಆಶ್ರಯಿಸಿ ಬರೆದ ಪುಷ್ಪದಂತನನ್ನು ಮಾತ್ರ ಹಿಂದಿ ವಿದ್ವಾಂಸರ ಪಾಲಿಗೆ ಬಿಟ್ಟುಕೊಟ್ಟಂತಿದೆ. ಅವನು ಬಳಸಿದ ಭಾಷೆ ಅಪಭ್ರಂಶವೆಂಬುದೇ ಇದಕ್ಕೆ ಕಾರಣ. ಆದರೆ ಅವನ ಕೃತಿಗಳಲ್ಲಿ ಬರುವ ಅಮ್ಮಯ್ಯ, ತುಡಿಗ ಮೊದಲಾದ ಹೆಸರುಗಳ ಚಹರೆಯನ್ನು ಕಂಡವರು ಅವನನ್ನು ಈ ನೆಲದಿಂದ ಹೊರಗಿಡಲಾರರು.

ಪುಷ್ಪದಂತನು ಕಾಶ್ಯಪ ಗೋತ್ರದ ಬ್ರಾಹ್ಮಣ. ತಂದೆ ಕೇಶವಭಟ್ಟ, ತಾಯಿ ಮುಗ್ಧಾದೇವಿ. ಶೈವರಾಗಿದ್ದ ತಂದೆತಾಯಿಗಳು ಅನಂತರ ಜಿನಧರ್ಮವನ್ನು ಅವಲಂಬಿಸಿದರು. ಕಥಾಸರಿತ್ಸಾಗರದಲ್ಲಿ ಶಿವನು ಹೇಳಿದ ಕಥೆಯನ್ನು ಕದ್ದು ಕೇಳಿ ಶಾಪಗ್ರಸ್ತನಾದ ಗಣನ ಹೆಸರೂ ಪುಷ್ಪದಂತನೇ. ಒಂಬತ್ತನೆಯ ತೀರ್ಥಂಕರನ ಹೆಸರೂ ಅದೇ. ಎರಡು ಮತಗಳನ್ನು ಕಂಡ ಮನೆತನದ ಮಗನಿಗೆ ಈ ಹೆಸರು ಒಪ್ಪುತ್ತದೆ. ಕಪ್ಪು ಬಣ್ಣದ, ಕೃಶವಾದ, ರೂಪವಿಲ್ಲದ ತನ್ನ ದೇಹವನ್ನೂ ಮನೆಮಡದಿಯರಿಲ್ಲದ ಬಾಳನ್ನೂ ಅವನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಅಭಿಮಾನಮೇರು, ಕವ್ವಪಿಸಲ್ಲ ಎಂಬ ಬಿರುದುಗಳನ್ನು ಧರಿಸಿದ್ದಾನೆ. ಎರಡನೆಯದರ ಅರ್ಥ ಕಾವ್ಯಪಿಶಾಚ. ಚಕ್ರವರ್ತಿ, ರತ್ನ, ತಿಲಕಗಳೆಂದು ಕವಿಗಳು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಪಿಶಾಚವೆನಿಸಿಕೊಂಡು ಹಿಗ್ಗಿದ ಕವಿ ವಿರಳ.

ಮೊದಲು ಒಬ್ಬ ಅರಸನನ್ನು ಹೊಗಳಿ ಬರೆದು, ಆ ಆಸ್ಥಾನದಿಂದ ನೊಂದು ಹೊರಟ ಪುಷ್ಪದಂತನು ದೂರದ ದಾರಿ ನಡೆದು ಮಾನ್ಯಖೇಟದ ಹೊರವಲಯದ ತೋಪೊಂದನ್ನು ಸೇರಿದನು. ನಗರದೊಳಕ್ಕೆ ಬರಬೇಕೆಂದು ಅಮ್ಮಯ್ಯ, ಇಂದ್ರರಾಜ ಎಂಬಿಬ್ಬರು ಕರೆದಾಗ ಅವನು ಒಪ್ಪಲಿಲ್ಲ. ದುರ್ಜನರಾದ ಅರಸರ ಹುಬ್ಬುಗಂಟನ್ನು ನೋಡುವುದಕ್ಕಿಂತ ಕಾಡಿನಲ್ಲಿ ಸಾಯುವುದೇ ಲೇಸೆಂಬುದು ಅವನ ನಿಲುವಾಗಿತ್ತು. ಅವನ ಮನಸ್ಸನ್ನು ತಿರುಗಿಸಿದವನು ಕೃಷ್ಣನ ಮಂತ್ರಿ ಭರತ. ಭರತನ ಮನೆಯಲ್ಲಿ ಕ್ರಿ.ಶ. 959ರಲ್ಲಿ ಮಹಾಪುರಾಣದ ರಚನೆ ಆರಂಭವಾಯಿತು. ಆದಿಪುರಾಣದ 37 ಸಂಧಿಗಳು ಮುಗಿದ ಮೇಲೆ ಕವಿಗೆ ಬೇಸರ ಕವಿಯಿತು. ಸರಸ್ವತಿ ಕನಸಿನಲ್ಲಿ ಬಂದಳೆಂದೂ ಭರತನು ಕೈಮುಗಿದು ಬೇಡಿದನೆಂದೂ ಅವನೇ ಹೇಳುತ್ತಾನೆ. 965ರಲ್ಲಿ ಒಟ್ಟು 102 ಸಂಧಿಗಳ ಕೃತಿ ಪೂರ್ಣಗೊಂಡಿತು.

ಈ ಪಿಶಾಚಕವಿಯು ಅದ್ಭುತಜೀವಿಗಳನ್ನು ನಡೆಸಿಕೊಂಡ ರೀತಿ ವಿಚಾರಾರ್ಹವಾದುದು. ಮಹಾಪುರಾಣದ ರಾಮಕಥೆಯು ಶ್ರೇಣಿಕನ ಸಂದೇಹಗಳಿಂದ ತೊಡಗುತ್ತದೆ. ರಾವಣನಿಗೆ ನಿಜವಾಗಿ ಹತ್ತು ಮುಖಗಳಿದ್ದವೇ? ಅವನು ರಾಕ್ಷಸನೋ, ಮನುಷ್ಯನೋ? ಸುಗ್ರೀವಾದಿಗಳು ಕೋತಿಗಳೇ? ಕುಂಭಕರ್ಣನು ಆರು ತಿಂಗಳು ಮಲಗಿ, ಸಾವಿರ ಕೋಣಗಳನ್ನು ತಿಂದು ತೃಪ್ತನಾಗುತ್ತಿದ್ದನೇ? ವಾಲ್ಮೀಕಿ, ವ್ಯಾಸರು ಜನರನ್ನು ದಾರಿತಪ್ಪಿಸಿದರೆಂಬುದು ಕವಿಯ ಆಕ್ಷೇಪ. ಗುಣಭದ್ರನ ಉತ್ತರಪುರಾಣದ ಹಾದಿಯನ್ನು ಹಿಡಿದು ಅವನು ರಾಕ್ಷಸರನ್ನೂ ವಾನರರನ್ನೂ ವಿದ್ಯಾಬಲವುಳ್ಳ ವಿದ್ಯಾಧರ ಕುಲಗಳನ್ನಾಗಿ ಕಾಣುತ್ತಾನೆ. ಇದನ್ನು ಆಧುನಿಕ ವೈಚಾರಿಕತೆಯೆಂದು ಕರೆಯುವುದು ಅವಸರದ ಮಾತಾದೀತು. ಹಾರಾಡುವ ವಿದ್ಯಾಧರರು ಇಲ್ಲಿ ಇದ್ದೇ ಇದ್ದಾರೆ. ಅವನು ತೆಗೆದುಹಾಕುವುದು ಅದ್ಭುತವನ್ನಲ್ಲ, ವಿಕಾರವನ್ನು.

ಭರತನ ಮಗ ನನ್ನನ ಆಶ್ರಯದಲ್ಲಿ ಬರೆದ ಣಾಯಕುಮಾರಚರಿಉ ಕೃತಿಯಲ್ಲಿ ಈ ದೃಷ್ಟಿ ಇನ್ನಷ್ಟು ಮೃದುವಾಗಿದೆ. ಒಂಬತ್ತು ಸಂಧಿಗಳ ಈ ಕಾವ್ಯದಲ್ಲಿ ಬಾವಿಗೆ ಬಿದ್ದ ರಾಜಶಿಶುವನ್ನು ನಾಗನು ಕಾಪಾಡುತ್ತಾನೆ; ಮಗನಂತೆ ಸಾಕಿ ವಿದ್ಯೆ ಕಲಿಸುತ್ತಾನೆ. ನಾಯಕನಿಗೆ ನಾಗಕುಮಾರನೆಂಬ ಹೆಸರು ಬಂದುದು ಹೀಗೆ. ಹಣೆಗಣ್ಣಿನೊಡನೆ ಹುಟ್ಟಿದ ವ್ಯಾಲನೆಂಬ ರಾಜಪುತ್ರನ ಮೂರನೆಯ ಕಣ್ಣು ನಾಗಕುಮಾರನನ್ನು ಕಂಡೊಡನೆ ಮಾಯವಾಗುತ್ತದೆ. ಅವನು ಅಂದಿನಿಂದ ನಾಯಕನ ಸೇವಕ. ವಿಷದ ಹೆಡೆ ರಕ್ಷೆಯಾಗುವುದು, ಸುಡಬಲ್ಲ ಕಣ್ಣು ಸ್ನೇಹಕ್ಕೆ ಮಣಿಯುವುದು ಶೈವ ಮನೆತನದಿಂದ ಬಂದ ಕವಿಗೆ ಆಕಸ್ಮಿಕವಾಗಿ ಹೊಳೆದುದೆಂದು ತೋರುವುದಿಲ್ಲ. ಕನ್ನಡದಲ್ಲಿ ಇದೇ ವಸ್ತುವನ್ನು ಹದಿನಾರನೆಯ ಶತಮಾನದ ಬಾಹುಬಲಿಯು ನಾಗಕುಮಾರಚರಿತೆಯಲ್ಲಿ ಕೈಗೆತ್ತಿಕೊಂಡನು. ಈ ಎರಡರ ತೌಲನಿಕ ಅಧ್ಯಯನಕ್ಕೆ ಸಾಕಷ್ಟು ಅವಕಾಶವಿದೆ.

967ರಲ್ಲಿ ಕೃಷ್ಣನು ತೀರಿಕೊಂಡನು. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಕೊಳ್ಳೆಹೊಡೆದನು. ಧಾರಾನಗರದ ಅರಸನ ಕೋಪಾಗ್ನಿಯಲ್ಲಿ ನಗರ ಬೆಂದುಹೋಯಿತೆಂದೂ ಪುಷ್ಪದಂತನು ಇನ್ನೆಲ್ಲಿ ನೆಲಸಬೇಕೆಂದೂ ಕೇಳುವ ಸಂಸ್ಕೃತ ಪದ್ಯವೊಂದು ಮಹಾಪುರಾಣದ ಕೆಲವು ಹಸ್ತಪ್ರತಿಗಳಲ್ಲಿದೆ. ಏಳು ವರ್ಷ ಮೊದಲೇ ಮುಗಿದ ಗ್ರಂಥದಲ್ಲಿ ಈ ಪದ್ಯವಿರುವುದು ವಿದ್ವಾಂಸರನ್ನು ಗೊಂದಲಕ್ಕೆ ಸಿಲುಕಿಸಿತ್ತು. ಅದು ಅನಂತರ ಸೇರಿದ ಪದ್ಯವೆಂದರೆ ತೊಡಕು ಬಿಡಿಸಿದಂತೆಯೇ.

ಕೊನೆಯದೆಂದು ತೋರುವ ಜಸಹರಚರಿಉ ನಾಲ್ಕು ಸಂಧಿಗಳ ಚಿಕ್ಕ ಕೃತಿ. ಜನ್ನನ ಓದುಗರಿಗೆ ಪರಿಚಿತವಾದ ಯಶೋಧರನ ಕಥೆ ಇದು. ಇದರಲ್ಲಿ ಕಾಪಾಲಿಕ ಭೈರವಾನಂದನ ಪ್ರಸಂಗವೂ ಭವಾಂತರಗಳ ವಿಸ್ತಾರವೂ ಪುಷ್ಪದಂತನವಲ್ಲ, ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಗಂಧರ್ವನೆಂಬ ಕವಿ ಸೇರಿಸಿದವು. ಕೃತಿಯ ಕೊನೆಯಲ್ಲಿ ಮಾತ್ರ ಪುಷ್ಪದಂತನ ಸ್ವಂತ ದನಿಯಿದೆ. ಅಲ್ಲಿ ಭೂತವೇತಾಳಗಳಿಲ್ಲ. ಕ್ಷಾಮದಿಂದ ಪಾಳುಬಿದ್ದ ನಾಡು, ತಲೆಬುರುಡೆಗಳು ಚೆದುರಿದ ನೆಲ, ದಿಕ್ಕಿಲ್ಲದ ಬಡವರು ಇದ್ದಾರೆ. ಅಂತಹ ದಿನಗಳಲ್ಲಿಯೂ ನನ್ನನು ತನಗೆ ಇರಲು ಮನೆ, ಉಣ್ಣಲು ಸವಿಯಾದ ಊಟ, ಉಡಲು ನಯವಾದ ಬಟ್ಟೆ ಕೊಟ್ಟನೆಂದು ಕವಿ ನೆನೆಯುತ್ತಾನೆ.