ಹದಿನೇಳನೇ ಹೋಲ್‌ನ ಎದುರು ಮನೆ

ಗಾಲ್ಫ್ ಎಂದೊಡನೆ ನಮ್ಮ ಮಧ್ಯಮ ವರ್ಗದ ಮನಸ್ಸಿನಲ್ಲಿ ಮೂಡುವ ಚಿತ್ರ ಬಹುಮಟ್ಟಿಗೆ ಒಂದೇ: ಎತ್ತರದ ಕಾಂಪೌಂಡು, ಅದರಾಚೆ ಹಸಿರು ಹಾಸು, ನಿವೃತ್ತ ಅಧಿಕಾರಿಗಳು, ಉದ್ಯಮಿಗಳು ಮತ್ತು ಅವರ ಹಿಂದೆ ಚೀಲ ಹೊತ್ತು ನಡೆಯುವ ಹುಡುಗರು. ಆಟಗಾರರ ಹೆಸರು ನಮಗೆ ಗೊತ್ತಿರಬಹುದು. ಕ್ಯಾಡಿಗಳೆನ್ನಿಸಿಕೊಳ್ಳುವ ಆ ಹುಡುಗರ ಹೆಸರು ಗೊತ್ತಿರುವುದಿಲ್ಲ. ಹಾಗಾಗಿಯೇ, ಚೀಲ ಹೊರುತ್ತಿದ್ದವನೊಬ್ಬ 1913ರಲ್ಲಿ ಅಮೆರಿಕದ ಓಪನ್ ಗಾಲ್ಫ್ ಚಾಂಪಿಯನ್‌ಷಿಪ್ ಗೆದ್ದ ಕಥೆ ನನ್ನನ್ನು ಮತ್ತೆ ಮತ್ತೆ ಸೆಳೆಯುತ್ತದೆ. ಅವರ ಹೆಸರು ಫ್ರಾನ್ಸಿಸ್ ವಿಮೆಟ್. 2005ರಲ್ಲಿ ಆ ಗೆಲುವು ಚಲನಚಿತ್ರವೂ ಆಯಿತು. ಅದನ್ನೊಂದು ಪವಾಡವೆಂದು ಬಣ್ಣಿಸುವುದು ವಾಡಿಕೆ. ಆದರೆ ಆ ಪವಾಡಕ್ಕಿಂತ ಅದರ ಹಿಂದುಮುಂದಿನ ಸಂಗತಿಗಳೇ ಹೆಚ್ಚು ಅರ್ಥಪೂರ್ಣ ಎಂಬುದು ನನ್ನ ಅನಿಸಿಕೆ.

ವಿಮೆಟ್ ಹುಟ್ಟಿದ್ದು 1893ರ ಮೇ 8ರಂದು, ಬೋಸ್ಟನ್ ನಗರಕ್ಕೆ ಹೊಂದಿಕೊಂಡ ಬ್ರೂಕ್‌ಲೈನ್‌ನಲ್ಲಿ. ತಂದೆ ಕೆನಡಾದಿಂದ ವಲಸೆ ಬಂದ ಫ್ರೆಂಚ್ ಮೂಲದ ಶ್ರಮಜೀವಿ. ತಾಯಿ ಐರಿಷ್ ಮೂಲದವರು. ಅವರ ಮನೆ ಇದ್ದ ಕ್ಲೈಡ್ ಸ್ಟ್ರೀಟಿನ ಆಚೆ ಬದಿಗೆ ‘ದಿ ಕಂಟ್ರಿ ಕ್ಲಬ್’ನ ಗಾಲ್ಫ್ ಅಂಗಳ. 1882ರಲ್ಲಿ ಸ್ಥಾಪನೆಯಾದ ಈ ಕ್ಲಬ್ಬು ಬೋಸ್ಟನ್ನಿನ ಹಳೆಯ ಸಿರಿವಂತ ಮನೆತನಗಳ ನೆಲೆ. ಮನೆಯ ಬಾಗಿಲಿಗೆ ಬಂದು ನಿಂತರೆ ಹದಿನೇಳನೇ ಹೋಲ್ ಕಾಣುತ್ತಿತ್ತು. ನಡುವೆ ಇದ್ದದ್ದು ಒಂದು ರಸ್ತೆ ಮಾತ್ರ. ಆದರೆ ಆ ಕಾಲದ ಸಾಮಾಜಿಕ ಅಳತೆಯಲ್ಲಿ ಅದು ಸುಲಭವಾಗಿ ದಾಟಬಹುದಾದ ರಸ್ತೆಯಾಗಿರಲಿಲ್ಲ.

ಬಾಲಕ ಫ್ರಾನ್ಸಿಸ್ ಶಾಲೆಗೆ ಹೋಗುವಾಗ ಅಂಗಳವನ್ನು ಅಡ್ಡಹಾಯುತ್ತ, ಹುಲ್ಲಿನಲ್ಲಿ ಕಳೆದುಹೋದ ಚೆಂಡುಗಳನ್ನು ಹೆಕ್ಕಿ ತರುತ್ತಿದ್ದ. ಅಣ್ಣನೊಡನೆ ಸೇರಿ ಮನೆಯ ಹಿತ್ತಲಿನಲ್ಲಿ ಡಬ್ಬಿಗಳನ್ನು ಹೂತು ಮೂರು ಹೋಲ್‌ಗಳ ಅಂಗಳವೊಂದನ್ನು ರೂಪಿಸಿಕೊಂಡ. ಹನ್ನೊಂದನೇ ವಯಸ್ಸಿಗೆ ಕ್ಯಾಡಿಯಾದ. ಕುಟುಂಬಕ್ಕೆ ನಾಲ್ಕು ಕಾಸು ತರುವ ಕೆಲಸ ಬಿಟ್ಟು ಸಿರಿವಂತರ ಆಟದ ಬೆನ್ನು ಹತ್ತುವುದು ತಂದೆಗೆ ಸರಿಬರಲಿಲ್ಲ. ತಾಯಿ ಮಾತ್ರ ಮಗನ ಪರವಾಗಿ ನಿಂತರು. ದೊಡ್ಡ ಪಂದ್ಯಗಳಿಗೆ ಹೆಸರು ಕೊಡಬೇಕಾದರೆ ಯಾವುದಾದರೂ ಮಾನ್ಯ ಕ್ಲಬ್ಬಿನ ಸದಸ್ಯತ್ವ ಬೇಕಿತ್ತು. ಅದಕ್ಕೆ ಬೇಕಾದ 25 ಡಾಲರನ್ನು ಸಾಲವಾಗಿ ಕೊಟ್ಟವರೂ ಅವರೇ.

ಇಲ್ಲಿ ಅಂದಿನ ಒಂದು ನಿಯಮವನ್ನು ಗಮನಿಸಬೇಕು. ಹದಿನಾರು ವರ್ಷ ತುಂಬಿದ ಮೇಲೂ ಹಣಕ್ಕಾಗಿ ಚೀಲ ಹೊತ್ತವನನ್ನು ವೃತ್ತಿಪರ ಎಂದು ಪರಿಗಣಿಸಲಾಗುತ್ತಿತ್ತು. ವೃತ್ತಿಪರ ಎಂಬುದು ಅಂದು ಗೌರವದ ಮಾತಲ್ಲ. ಹಣಕ್ಕೆ ಆಡುವವನು, ಕ್ಲಬ್ಬಿನ ಮುಂಬಾಗಿಲಿನಿಂದ ಒಳಬರಲು ಅರ್ಹನಲ್ಲದವನು ಎಂದೇ ಅದರ ಅರ್ಥ. ಹವ್ಯಾಸಿಯೇ ಸಭ್ಯಸ್ಥ. ದುಡಿದು ತಿನ್ನಬೇಕಾದವನಿಗೆ ಸಭ್ಯಸ್ಥನಾಗುವ ಅವಕಾಶ ಹದಿನಾರಕ್ಕೇ ಮುಗಿಯುತ್ತಿತ್ತು ಎಂದರೆ ತಪ್ಪಾಗದು. ಹವ್ಯಾಸಿಯಾಗಿಯೇ ಉಳಿಯಬಯಸಿದ ವಿಮೆಟ್ ಆ ವಯಸ್ಸಿಗೆ ಕ್ಯಾಡಿ ಕೆಲಸ ಬಿಟ್ಟರು. ಕ್ರೀಡಾ ಸಾಮಗ್ರಿಗಳ ಅಂಗಡಿಯಲ್ಲಿ ಗುಮಾಸ್ತಿಕೆಗೆ ಸೇರಿ, ಬಿಡುವಿನಲ್ಲಿ ಅಭ್ಯಾಸ ಮುಂದುವರಿಸಿದರು.

1913ರ ಓಪನ್ ಚಾಂಪಿಯನ್‌ಷಿಪ್ ನಡೆದದ್ದು ಅವರ ಮನೆಯ ಎದುರಿಗೇ. ಇಂಗ್ಲೆಂಡಿನಿಂದ ಬರಲಿದ್ದ ಹ್ಯಾರಿ ವಾರ್ಡನ್ ಮತ್ತು ಟೆಡ್ ರೇ ಅವರಿಗೆ ಅನುಕೂಲವಾಗಲೆಂದು ಅದನ್ನು ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ಗೆ ಮುಂದೂಡಲಾಗಿತ್ತು. ವಾರ್ಡನ್ ಆ ವೇಳೆಗಾಗಲೇ ಐದು ಬಾರಿ ಬ್ರಿಟಿಷ್ ಓಪನ್, ಒಮ್ಮೆ ಅಮೆರಿಕನ್ ಓಪನ್ ಗೆದ್ದಿದ್ದ ಮಹಾರಥಿ. ಆಜಾನುಬಾಹು ರೇ 1912ರ ಬ್ರಿಟಿಷ್ ಓಪನ್ ವಿಜೇತ. ಇಪ್ಪತ್ತರ ವಿಮೆಟ್ ಆಗಷ್ಟೇ ಮ್ಯಾಸಚೂಸೆಟ್ಸ್ ರಾಜ್ಯದ ಹವ್ಯಾಸಿ ಪ್ರಶಸ್ತಿ ಗೆದ್ದಿದ್ದರೂ, ಅಂಗಡಿಯಿಂದ ಮತ್ತೆ ರಜೆ ಕೇಳಲು ಹಿಂಜರಿದರು. ಅಮೆರಿಕದ ಗಾಲ್ಫ್ ಸಂಸ್ಥೆಯ ಅಧ್ಯಕ್ಷರೇ ಒತ್ತಾಯಿಸಿದ ಮೇಲೆ ಹೆಸರು ಕೊಟ್ಟರು. ಅವರ ಚೀಲ ಹೊರಲು ಬಂದವನು ಶಾಲೆ ತಪ್ಪಿಸಿಕೊಂಡ ಹತ್ತು ವರ್ಷದ ಎಡ್ಡಿ ಲೋರಿ. ಚೀಲವೇ ಅವನಷ್ಟು ಎತ್ತರವಿತ್ತು.

ಸೆಪ್ಟೆಂಬರ್ 19ರಂದು, ಮಳೆಯಲ್ಲಿ ತೊಯ್ದ ಅಂಗಳದಲ್ಲಿ ಕೊನೆಯ ಎರಡು ಸುತ್ತುಗಳು ನಡೆದವು. ವಾರ್ಡನ್ ಮತ್ತು ರೇ ಇಬ್ಬರೂ ಒಟ್ಟು 304 ಹೊಡೆತಗಳಲ್ಲಿ ಆಟ ಮುಗಿಸಿದ್ದರು. ವಿಮೆಟ್ ಅಂತಿಮ ಸುತ್ತಿನ ಮೊದಲ ಒಂಬತ್ತು ಹೋಲ್‌ಗಳಿಗೆ 43 ಹೊಡೆತ ವ್ಯಯಿಸಿ ಹಿಂದೆ ಬಿದ್ದರು. ಇಬ್ಬರನ್ನು ಸರಿಗಟ್ಟಲು ಕೊನೆಯ ಆರು ಹೋಲ್‌ಗಳನ್ನು 22 ಹೊಡೆತಗಳಲ್ಲಿ ಮುಗಿಸಬೇಕಿತ್ತು. ಒಂದು ಹೋಲ್‌ಗೆ ನುರಿತ ಆಟಗಾರನಿಗೆ ನಿಗದಿಪಡಿಸಿದ ಹೊಡೆತಗಳ ಸಂಖ್ಯೆಯನ್ನು ‘ಪಾರ್’ ಎನ್ನುತ್ತಾರೆ. ಈ ಆರಕ್ಕೆ ಅದು 24. ಸೋತು ಸುಣ್ಣವಾದ ದಿನದ ಕೊನೆಯಲ್ಲಿ, ಒದ್ದೆ ಹುಲ್ಲಿನ ಮೇಲೆ, ಪಾರ್‌ಗಿಂತ ಎರಡು ಕಡಿಮೆ ಆಡುವುದು ಅಸಾಧ್ಯಕ್ಕೆ ಹತ್ತಿರದ ಮಾತು.

ಹದಿಮೂರನೆಯದರಲ್ಲಿ ಗ್ರೀನ್‌ನ ಹೊರಗಿನಿಂದ ಎತ್ತಿ ಹೊಡೆದ ಚೆಂಡು ನೇರವಾಗಿ ಕುಳಿ ಸೇರಿತು. ಒಂದು ಹೊಡೆತ ಉಳಿಯಿತು. ಮುಂದಿನ ಮೂರರಲ್ಲಿ ಪಾರ್ ಕೈತಪ್ಪಲಿಲ್ಲ. ಹದಿನೇಳರ ಗ್ರೀನ್‌ನಲ್ಲಿ, ತಮ್ಮ ಮನೆಯ ಎದುರೇ, ಇಳಿಜಾರಿನಲ್ಲಿ ಸುಮಾರು ಇಪ್ಪತ್ತು ಅಡಿಗಳ ಪಟ್ ಉಳಿದಿತ್ತು. ಪಕ್ಕದ ರಸ್ತೆಯಲ್ಲಿ ಮೋಟಾರುಗಳು ಹಾರ್ನ್ ಬಾರಿಸುತ್ತಿದ್ದವು. ವಿಮೆಟ್‌ಗೆ ಅದು ಕೇಳಿಸಲೇ ಇಲ್ಲ. ಚೆಂಡು ಕುಳಿಗೆ ಬಿತ್ತು. ಹದಿನೆಂಟರಲ್ಲಿಯೂ ಪಾರ್ ಉಳಿಸಿಕೊಂಡಾಗ ಮೂವರೂ 304ರಲ್ಲಿ ಸಮನಾದರು.

ಮರುದಿನ ಹದಿನೆಂಟು ಹೋಲ್‌ಗಳ ನಿರ್ಣಾಯಕ ಸುತ್ತು. ಎಡ್ಡಿಯ ಬದಲು ಅನುಭವಿ ಕ್ಯಾಡಿಯನ್ನು ಕರೆದುಕೊಳ್ಳುವಂತೆ ಸಲಹೆ ಬಂದಿತು. ಹುಡುಗ ಚೀಲ ಬಿಡಲಿಲ್ಲ, ವಿಮೆಟ್‌ರೂ ಬಿಡಿಸಲಿಲ್ಲ. ಸಾವಿರಾರು ಮಂದಿ ಮಳೆಯಲ್ಲೇ ಅವರನ್ನು ಹಿಂಬಾಲಿಸಿದರು. ಒಂಬತ್ತು ಹೋಲ್ ಮುಗಿದಾಗ ಮೂವರದೂ 38. ಹತ್ತರಲ್ಲಿ ವಿಮೆಟ್ ಒಂದು ಹೊಡೆತ ಮುಂದಾದರು. ಹದಿನೈದರ ಹೊತ್ತಿಗೆ ರೇ ಕುಸಿದರು. ಹದಿನೇಳಕ್ಕೆ ಬರುವಾಗ ವಾರ್ಡನ್ ಒಂದೇ ಹೊಡೆತ ಹಿಂದಿದ್ದರು. ಅಲ್ಲಿ ಅವರು ಎಡಕ್ಕೆ ತಿರುಗುವ ಹಾದಿಯನ್ನು ಹತ್ತಿರವಾಗಿಸಿಕೊಳ್ಳಲು ಹೋಗಿ ಚೆಂಡನ್ನು ಮರಳ ಗುಂಡಿಗೆ ಕಳೆದುಕೊಂಡರು. ವಿಮೆಟ್ ಅದೇ ಹೋಲನ್ನು ಹಿಂದಿನ ದಿನದಂತೆಯೇ ಮೂರು ಹೊಡೆತಗಳಲ್ಲಿ ಮುಗಿಸಿದರು. ಅಂತಿಮ ಲೆಕ್ಕ: ವಿಮೆಟ್ 72, ವಾರ್ಡನ್ 77, ರೇ 78. ಈ ಚಾಂಪಿಯನ್‌ಷಿಪ್ ಗೆದ್ದ ಮೊದಲ ಹವ್ಯಾಸಿ ಅವರು. ಹವ್ಯಾಸಿಯಾದ್ದರಿಂದ ಬಹುಮಾನದ ಹಣ ಮುಟ್ಟುವಂತಿರಲಿಲ್ಲ. ನೆರೆದ ಜನ ಟೋಪಿ ಹಿಡಿದು ಹಣ ಸಂಗ್ರಹಿಸಿದ್ದು ಎಡ್ಡಿಗಾಗಿ.

ಸಾಮಾನ್ಯವಾಗಿ ಕಥೆ ಇಲ್ಲಿಗೆ ನಿಲ್ಲುತ್ತದೆ: ಬಡ ಹುಡುಗ ಗೆದ್ದ, ಪರದೇಶದ ದಿಗ್ಗಜರು ಸೋತರು. ನನಗೆ ಇದು ಅರ್ಧ ಸತ್ಯವೆನಿಸುತ್ತದೆ. ಸೋತವರೇನೂ ಸಿರಿವಂತರಾಗಿರಲಿಲ್ಲ. ವಾರ್ಡನ್ ಮತ್ತು ರೇ ಇಬ್ಬರೂ ಜರ್ಸಿ ದ್ವೀಪದ ಒಂದೇ ಊರಿನ ಬಡ ಮನೆಗಳಿಂದ ಬಂದವರು. ತೋಟಗಾರನ ಮಗನಾದ ವಾರ್ಡನ್ ಬಾಲ್ಯದಲ್ಲಿ ಕ್ಯಾಡಿಯಾಗಿದ್ದವರೇ. ಜಗತ್ಪ್ರಸಿದ್ಧರಾದ ಮೇಲೂ ವೃತ್ತಿಪರರೆಂಬ ಕಾರಣಕ್ಕೆ ಅನೇಕ ಕ್ಲಬ್ಬುಗಳ ಒಳಕ್ಕೆ ಅವರಿಗೆ ಪ್ರವೇಶವಿರಲಿಲ್ಲ. ವಿಮೆಟ್‌ಗೂ ಮುನ್ನ, 1911 ಮತ್ತು 1912ರಲ್ಲಿ ಇದೇ ಪ್ರಶಸ್ತಿ ಗೆದ್ದ ಮೊದಲ ಅಮೆರಿಕನ್ ಜಾನ್ ಮೆಕ್‌ಡರ್ಮಟ್ ಕೂಡ ಕ್ಯಾಡಿಯಾಗಿದ್ದವರು. ವೃತ್ತಿಪರರಾಗಿದ್ದ ಅವರಿಗೆ ಇಂಥ ಜನಪ್ರೀತಿ ದೊರೆಯಲಿಲ್ಲ. ಮುಂದೆ ಮಾನಸಿಕ ಕಾಯಿಲೆಗೆ ತುತ್ತಾಗಿ ದಶಕಗಳ ಕಾಲ ಆಸ್ಪತ್ರೆಯಲ್ಲಿ ಬಾಳಿದ ಅವರನ್ನು ಜಗತ್ತು ಮರೆತೇಬಿಟ್ಟಿತು. ಪ್ರತಿಭೆ ಎಲ್ಲರಲ್ಲೂ ಇತ್ತು. ಯಾರ ಬೆವರಿಗೆ ಗೌರವ, ಯಾರ ಬೆವರಿಗೆ ಕೂಲಿ ಎಂಬುದನ್ನು ನಿರ್ಧರಿಸುತ್ತಿದ್ದವರು ಬೇರೆಯವರು.

ಆ ನಿರ್ಧಾರದ ಬಿಸಿ ವಿಮೆಟ್‌ಗೂ ತಟ್ಟಿತು. 1914ರಲ್ಲಿ ಅವರು ಅಮೆರಿಕದ ಹವ್ಯಾಸಿ ಚಾಂಪಿಯನ್‌ಷಿಪ್ಪನ್ನೂ ಗೆದ್ದರು. ಜೀವನೋಪಾಯಕ್ಕಾಗಿ ಕ್ರೀಡಾ ಸಾಮಗ್ರಿಗಳ ಅಂಗಡಿಯೊಂದರಲ್ಲಿ ಪಾಲುದಾರರಾದರು. 1916ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ, ಇದು ಆಟದಿಂದ ಲಾಭ ಪಡೆದಂತೆ ಎಂದು ವ್ಯಾಖ್ಯಾನಿಸಿ ಅವರ ಹವ್ಯಾಸಿ ಸ್ಥಾನವನ್ನೇ ಕಿತ್ತುಕೊಂಡಿತು. ಮೂರು ವರ್ಷಗಳ ಹಿಂದೆ ಯಾರ ಗೆಲುವಿನಿಂದ ಆಟಕ್ಕೆ ದೇಶದಲ್ಲಿ ಮನೆಮಾತಿನ ಪಟ್ಟ ದೊರೆತಿತ್ತೋ ಅವರೇ ಹೊರಗಿನವರಾದರು. ಪಿತ್ರಾರ್ಜಿತ ಆಸ್ತಿಯ ಮೇಲೆ ಬದುಕುವ ಆಟಗಾರನಿಗೆ ಇಂಥ ಪ್ರಶ್ನೆಯೇ ಎದುರಾಗುತ್ತಿರಲಿಲ್ಲ. ವ್ಯಾಪಕ ಟೀಕೆಯ ನಡುವೆ, ವಿಮೆಟ್ ಸೈನ್ಯದಲ್ಲಿದ್ದ 1918ರಲ್ಲಿ, ಸಂಸ್ಥೆ ಆ ಸ್ಥಾನವನ್ನು ಮರಳಿಸಿತು.

ಈ ಅವಮಾನದಿಂದ ಅವರು ಕಹಿಯಾಗಲಿಲ್ಲ ಎಂಬುದೇ ಅವರ ಬಾಳಿನ ದೊಡ್ಡ ಸಂಗತಿ. ಹಣಕಾಸು ಕ್ಷೇತ್ರದಲ್ಲಿ ದುಡಿಯುತ್ತ, ಹವ್ಯಾಸಿಯಾಗಿಯೇ ಆಡಿ, 1931ರಲ್ಲಿ, ಹದಿನೇಳು ವರ್ಷಗಳ ಅಂತರದಲ್ಲಿ, ಹವ್ಯಾಸಿ ಪ್ರಶಸ್ತಿಯನ್ನು ಮತ್ತೊಮ್ಮೆ ಗೆದ್ದರು. 1949ರಲ್ಲಿ ಅವರ ಹೆಸರಿನಲ್ಲಿ ಒಂದು ನಿಧಿ ಸ್ಥಾಪನೆಯಾಯಿತು. ಗಾಲ್ಫ್ ಅಂಗಳಗಳಲ್ಲಿ ದುಡಿಯುವ ಕ್ಯಾಡಿಗಳ ಕಾಲೇಜು ಶಿಕ್ಷಣಕ್ಕೆ ನೆರವು ನೀಡುವುದು ಅದರ ಉದ್ದೇಶ. 1951ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ರಾಯಲ್ ಅಂಡ್ ಏನ್ಷಿಯೆಂಟ್ ಕ್ಲಬ್ ಅವರನ್ನು ಕ್ಯಾಪ್ಟನ್ ಆಗಿ ಆರಿಸಿತು. ಆ ಸ್ಥಾನಕ್ಕೇರಿದ ಮೊದಲ ಅಮೆರಿಕನ್ ಅವರು. ಹೊಸ ಕ್ಯಾಪ್ಟನ್ ಹೊಡೆದ ಚೆಂಡನ್ನು ಹಿಡಿದು ತರಲು ಅಲ್ಲಿನ ಕ್ಯಾಡಿಗಳು ಮೈದಾನದಲ್ಲಿ ಸಾಲಾಗಿ ನಿಲ್ಲುತ್ತಾರೆ. ತಂದುಕೊಟ್ಟವನಿಗೆ ಕ್ಯಾಪ್ಟನ್ ಚಿನ್ನದ ನಾಣ್ಯ ಕೊಡುವುದು ಸಂಪ್ರದಾಯ. ಹುಲ್ಲಿನಲ್ಲಿ ಚೆಂಡು ಹೆಕ್ಕುತ್ತಿದ್ದ ಬ್ರೂಕ್‌ಲೈನಿನ ಹುಡುಗ ಆ ನಾಣ್ಯ ಕೊಡುವ ಸ್ಥಾನದಲ್ಲಿ ನಿಂತಾಗ ಅವರಿಗೆ ಐವತ್ತೆಂಟು ವರ್ಷ. ಎಡ್ಡಿ ಲೋರಿ ಕ್ಯಾಲಿಫೋರ್ನಿಯಾದಲ್ಲಿ ಮೋಟಾರು ವ್ಯಾಪಾರದಿಂದ ಶ್ರೀಮಂತನಾದ. ಅವರಿಬ್ಬರ ಸ್ನೇಹ 1967ರ ಸೆಪ್ಟೆಂಬರ್ 2ರಂದು ವಿಮೆಟ್ ತೀರಿಕೊಳ್ಳುವವರೆಗೂ ಉಳಿಯಿತು.

ನಮ್ಮಲ್ಲಿಯೂ ಈ ಕಥೆಗೆ ಸಂಬಂಧಿಕರಿದ್ದಾರೆ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ, ಅಂದರೆ ಬ್ರೂಕ್‌ಲೈನಿನ ಕ್ಲಬ್ಬಿಗಿಂತಲೂ ಮೊದಲು. ಇದೇ ನಗರದಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಅಂಥ ಗೆಲುವು ಬಂದಾಗ ನಾವು ಒಂದು ದಿನ ಬೆರಗಾಗುತ್ತೇವೆ, ಮರುದಿನ ಮರೆಯುತ್ತೇವೆ. ಚೀಲ ಹೊರುವವನಿಗೆ ಆಟ ಗೊತ್ತಿರುತ್ತದೆಂಬುದು ಅಷ್ಟು ದೊಡ್ಡ ಅಚ್ಚರಿಯೇ? ದಿನವಿಡೀ ಆಟವನ್ನು ಹತ್ತಿರದಿಂದ ನೋಡುವವನು ಅವನಲ್ಲವೇ? ಅವನಿಗೆ ಕೊರತೆಯಿರುವುದು ಅಂಗಳ, ಸಲಕರಣೆ, ಬಿಡುವು ಮತ್ತು ಶಾಲೆ. ವಿಮೆಟ್‌ಗೆ 25 ಡಾಲರ್ ಕೊಟ್ಟ ತಾಯಿಯಿದ್ದರು, ರಜೆ ಕೊಟ್ಟ ಮಾಲೀಕರಿದ್ದರು. ಅವರ ಹೆಸರಿನ ನಿಧಿ ಈ ಅದೃಷ್ಟವನ್ನೇ ಒಂದು ವ್ಯವಸ್ಥೆಯಾಗಿ ಮಾರ್ಪಡಿಸಲು ಯತ್ನಿಸಿತು. ಹದಿನೇಳನೇ ಹೋಲ್‌ನ ಆ ಪಟ್‌ನಷ್ಟೇ ಈ ಯತ್ನವನ್ನೂ ನೆನೆಯಬೇಕೆಂದು ನನಗೆ ತೋರುತ್ತದೆ. ನಮ್ಮ ಗಾಲ್ಫ್ ಅಂಗಳಗಳ ಆಡಳಿತಗಾರರು ತಮ್ಮ ಕ್ಯಾಡಿಗಳ ಮಕ್ಕಳಲ್ಲಿ ಎಷ್ಟು ಮಂದಿ ಕಾಲೇಜು ಮೆಟ್ಟಿಲು ಹತ್ತಿದ್ದಾರೆಂದು ಒಮ್ಮೆ ಲೆಕ್ಕ ಹಾಕಿದರೆ, ಆ ಮನುಷ್ಯನಿಗೆ ಅದಕ್ಕಿಂತ ತಕ್ಕ ಗೌರವ ಬೇರೆ ಇರಲಾರದು.