ಡಾ. ದೌಲತ್ ಸಿಂಗ್ ಕೊಠಾರಿ (1906–1993)

ಭೌತವಿಜ್ಞಾನಿ ಡಾ. ದೌಲತ್ ಸಿಂಗ್ ಕೊಠಾರಿಯವರು ಉದಯಪುರದ ಜೈನ ಕುಟುಂಬದಲ್ಲಿ ಜನಿಸಿದರು. ಅಲಹಾಬಾದಿನಲ್ಲಿ ಮೇಘನಾದ ಸಹಾ ಅವರ ಶಿಷ್ಯರಾಗಿ, ಕೇಂಬ್ರಿಜ್‌ನಲ್ಲಿ ರುದರ್‌ಫೋರ್ಡ್ ಅವರ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡಿ, 1934ರಲ್ಲಿ ದೆಹಲಿ ವಿಶ್ವವಿದ್ಯಾಲಯ ಸೇರಿದರು.

ವಸ್ತು ತಣ್ಣಗಿದ್ದರೂ ಅತಿಯಾದ ಒತ್ತಡದಲ್ಲಿ ಎಲೆಕ್ಟ್ರಾನ್‌ಗಳು ಪರಮಾಣುಗಳಿಂದ ಬಿಡಿಸಿಕೊಂಡು, ಲೋಹದಲ್ಲಿರುವಂತೆ ಸ್ವತಂತ್ರವಾಗಿ ಚಲಿಸುತ್ತವೆ. 1938ರಲ್ಲಿ ಅವರು ಪ್ರಕಟಿಸಿದ ಈ ಸಿದ್ಧಾಂತದಂತೆ, ತಣ್ಣನೆಯ ಆಕಾಶಕಾಯವೊಂದು ಸುಮಾರು ಗುರುಗ್ರಹದ ಗಾತ್ರವನ್ನು ಮೀರಿ ಬೆಳೆಯಲಾರದು.

1948ರಿಂದ 1961ರವರೆಗೆ ರಕ್ಷಣಾ ಸಚಿವಾಲಯದ ವೈಜ್ಞಾನಿಕ ಸಲಹೆಗಾರರಾಗಿದ್ದರು. ಆ ಹುದ್ದೆಯಲ್ಲಿದ್ದಾಗಲೇ ಅಣ್ವಸ್ತ್ರ ಸ್ಫೋಟದ ಭೀಕರ ಪರಿಣಾಮಗಳನ್ನು ವಿವರಿಸುವ ಗ್ರಂಥ ಸಿದ್ಧಪಡಿಸಿದರು. ನೆಹರೂ ಅವರ ಮುನ್ನುಡಿಯೊಂದಿಗೆ ಅದು 1956ರಲ್ಲಿ ಹೊರಬಂತು. ಮುಂದೆ ಯುಜಿಸಿ ಅಧ್ಯಕ್ಷರಾದರು. 1964–66ರ ಶಿಕ್ಷಣ ಆಯೋಗ ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. ಕ್ವಾಂಟಂ ವಿಜ್ಞಾನಕ್ಕೂ ಸ್ಯಾದ್ವಾದಕ್ಕೂ ಇರುವ ಸಾಮ್ಯದ ಬಗ್ಗೆ ಬರೆದರು. 1973ರಲ್ಲಿ ಪದ್ಮವಿಭೂಷಣ ಗೌರವ ಪಡೆದರು.