ವಕೀಲರ ಆಫೀಸು ಬಿಟ್ಟ ಹುಡುಗ

ಲ್ಯಾಬ್ ರೆಕಾರ್ಡಿನ ಹಿಂದಿನ ಪುಟದಲ್ಲಿ ಚಿತ್ರ ಬಿಡಿಸೋರು ನಮ್ಮ ಕ್ಲಾಸಲ್ಲೂ ಇದ್ದಾರೆ. ಅವರಿಗಾಗಿ ಈ ಹೆನ್ರಿ ಮತೀಸ್ ಕಥೆ.

1869ರಲ್ಲಿ ಉತ್ತರ ಫ್ರಾನ್ಸಿನಲ್ಲಿ ಹುಟ್ಟಿದ ಮತೀಸ್ ಓದಿದ್ದು ಕಾನೂನು. ಅಪ್ಪನದು ಕಾಳು, ಬಿತ್ತನೆ ಬೀಜದ ವ್ಯಾಪಾರ. ಹುಡುಗ ಪ್ಯಾರಿಸ್‌ನಲ್ಲಿ ಪರೀಕ್ಷೆ ಪಾಸು ಮಾಡಿ ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತನಾದ. 1890ರಲ್ಲಿ ಕಾಯಿಲೆ ಬಂದು ಹಾಸಿಗೆ ಹಿಡಿದಾಗ, ಹೊತ್ತು ಹೋಗಲಿ ಅಂತ ಅಮ್ಮ ಒಂದು ಬಣ್ಣದ ಪೆಟ್ಟಿಗೆ ತಂದುಕೊಟ್ಟಳು. ಅಲ್ಲಿಗೆ ವಕೀಲಿಕೆ ಮುಗೀತು! ಅಪ್ಪನಿಗೆ ಹೇಗಾಗಿರಬೇಡ? ನಮ್ಮ ಮನೇಲಿ ಬ್ರಾಂಚ್ ಚೇಂಜ್ ಅಂದಿದ್ದಕ್ಕೇ ಎರಡು ದಿನ ಯಾರೂ ಮಾತಾಡಲಿಲ್ಲ.

1891ರಲ್ಲಿ ಮತೀಸ್ ಪ್ಯಾರಿಸ್‌ನ ಅಕಾಡೆಮಿ ಜೂಲಿಯಾನ್ ಸೇರಿದ. ರೊಡಾಲ್ಫ್ ಜೂಲಿಯಾನ್ 1868ರಲ್ಲಿ ಶುರು ಮಾಡಿದ್ದ ಖಾಸಗಿ ಕಲಾಶಾಲೆ ಅದು. ಎಂಟ್ರೆನ್ಸ್ ಇಲ್ಲ, ಫೀಸ್ ಕಟ್ಟಿದರೆ ಸಾಕು. ಸರ್ಕಾರಿ ಕಲಾಶಾಲೆಯಾದ ಎಕೋಲ್ ದೆ ಬೋಜಾರ್ 1897ರವರೆಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲೇ ಇಲ್ಲ; ಜೂಲಿಯಾನ್‌ನಲ್ಲಿ ಅವರಿಗೂ ಜಾಗ ಇತ್ತು. ಹುಡುಗರು ಅಲ್ಲಿಗೆ ಬರ್ತಿದ್ದದ್ದು ಬೋಜಾರ್ ಎಂಟ್ರೆನ್ಸಿಗೆ ತಯಾರಾಗೋಕೆ, ನಮ್ಮ ಸಿಇಟಿ ಕೋಚಿಂಗ್ ಥರ. ಅಲ್ಲಿ ಮೇಷ್ಟ್ರಾಗಿದ್ದ ಬೂಗ್ರೋ ಆಗ ದೊಡ್ಡ ಹೆಸರು. ಇದ್ದಿಲ ಗೆರೆಯನ್ನು ಬೆರಳಲ್ಲಿ ಒರೆಸಿದ್ದಕ್ಕೆ, ಪರ್ಸ್‌ಪೆಕ್ಟಿವ್ ಬಾರದ್ದಕ್ಕೆ ಮತೀಸ್ ಅವರಿಂದ ಚೆನ್ನಾಗಿ ಬೈಸಿಕೊಂಡ. 1892ರ ಎಂಟ್ರೆನ್ಸಲ್ಲಿ ಫೇಲೂ ಆದ.

ಆದರೂ ಊರಿಗೆ ವಾಪಸ್ ಹೋಗಲಿಲ್ಲ. ಬೋಜಾರ್‌ನ ಗುಸ್ತಾವ್ ಮೊರೋ ಎಂಬ ಮೇಷ್ಟ್ರು, ಪಾಸಾಗದ ಈ ಹುಡುಗನನ್ನು ತಮ್ಮ ಕ್ಲಾಸಲ್ಲಿ ಕೂರಲು ಬಿಟ್ಟರು. ಲೂವ್ರ್ ಮ್ಯೂಸಿಯಮ್ಮಿಗೆ ಕಳಿಸಿ ಹಳೆಯ ಚಿತ್ರಗಳನ್ನು ನಕಲು ಮಾಡಿಸಿದರು. ನನಗೆ ಈ ಕಥೆಯಲ್ಲಿ ಇಷ್ಟವಾಗೋದು ಈ ಮೊರೋ. 1895ರಲ್ಲಿ, 25ನೇ ವಯಸ್ಸಿಗೆ, ಮತೀಸ್ ಎಂಟ್ರೆನ್ಸ್ ಪಾಸಾದ.

ಆಮೇಲೆ ಹತ್ತು ವರ್ಷ ದುಡ್ಡಿನ ಕಷ್ಟ. ಹೆಂಡತಿ ಅಮೆಲಿ ಟೋಪಿ ಅಂಗಡಿ ಇಟ್ಟು ಮನೆ ನಡೆಸಿದಳು. 1905ರ ಪ್ರದರ್ಶನದಲ್ಲಿ, ಟೋಪಿ ಹಾಕಿಕೊಂಡ ಅದೇ ಅಮೆಲಿಯ ಮುಖಕ್ಕೆ ಹಸಿರು ಬಣ್ಣ ಬಳಿದಿದ್ದ. ನೋಡಿದವರು ನಕ್ಕರು. ವಿಮರ್ಶಕರೊಬ್ಬರು ಇವನನ್ನೂ ಗೆಳೆಯರನ್ನೂ ಕಾಡುಮೃಗಗಳು ಅಂತ ಕರೆದರು. ಆ ಹೆಸರೇ ನಿಂತುಬಿಟ್ಟಿತು.

1908ರಲ್ಲಿ ಅವನದೇ ಒಂದು ಪುಟ್ಟ ಖಾಸಗಿ ಕಲಾಶಾಲೆ ಶುರುವಾಯ್ತು. ಕಾಡುಮೃಗದ ಶಿಷ್ಯರಾಗಬೇಕು ಅಂತ ದೇಶವಿದೇಶದ ಹುಡುಗ ಹುಡುಗಿಯರು ಬಂದು ಕ್ಯಾನ್ವಾಸಿನ ತುಂಬಾ ಬಣ್ಣ ಚೆಲ್ಲಿದರು. ಮತೀಸ್‌ಗೆ ಅದು ಹಿಡಿಸಲಿಲ್ಲ. ಪ್ಲಾಸ್ಟರಿನ ಹಳೇ ಪ್ರತಿಮೆ ಮುಂದೆ ಕೂರಿಸಿ ಮೊದಲಿಂದ ಗೆರೆ ಎಳೆಯೋದು ಕಲಿಸಿದ. ಬೂಗ್ರೋ ನೋಡಿದ್ದರೆ ನಗ್ತಿದ್ದರೇನೋ (1905ರಲ್ಲೇ ತೀರಿಕೊಂಡಿದ್ದರು, ಪಾಪ). ಪಾಠದಲ್ಲೇ ಶಕ್ತಿಯೆಲ್ಲ ಹೋಗ್ತಿದೆ ಅನಿಸಿ 1911ರಲ್ಲಿ ಶಾಲೆ ಮುಚ್ಚಿಸಿದ.

1941ರಲ್ಲಿ ದೊಡ್ಡ ಆಪರೇಷನ್ ಆಯ್ತು. ನಿಂತು ಚಿತ್ರ ಬರೆಯೋಕೆ ಕಷ್ಟವಾದಾಗ ವೀಲ್‌ಚೇರಲ್ಲಿ ಕೂತು ಬಣ್ಣದ ಕಾಗದ ಕತ್ತರಿಸಿದ. 1954ರಲ್ಲಿ ನೀಸ್ ನಗರದಲ್ಲಿ ತೀರಿಕೊಂಡ. ಆ ನೀಲಿ ಕಾಗದದ ಹೆಂಗಸರನ್ನು ಯಾವುದಾದರೂ ಕಾಫಿ ಶಾಪಿನ ಗೋಡೆ ಮೇಲೆ ನೀವೂ ನೋಡಿರ್ತೀರ.